ಹೆಪ್ಪುಗಟ್ಟಿದ ಸೀಸೆಯ ಪಾಠ



ಮಾರ್ಗಶಿರ ಮಾಸ ಕಾಲಿಟ್ಟಿತೆಂದರೆ ನಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆಯ ಸೀಸೆ ಬಚ್ಚಲುಮನೆಯ ಗೂಡನ್ನು ಬಿಟ್ಟು ಅಂಗಳದ ಬಿಸಿಲಿಗೆ ಬರುತ್ತಿತ್ತು. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಚಳಿಯಾದರೆ ಆ ಎಣ್ಣೆ ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಶಾಲೆಗೆ ಹೊರಡುವ ಆತುರದಲ್ಲಿ ನಾವು ಸೀಸೆಯನ್ನು ಒಲೆಯ ಕಟ್ಟೆಯ ಮೇಲಿಡಲು ಹೋದರೆ ಅಮ್ಮ ಗದರುತ್ತಿದ್ದರು: "ಒಲೆಯ ಹತ್ತಿರ ಒಯ್ಯಬೇಡ, ಸೀಸೆ ಒಡೆದೀತು. ಬಿಸಿಲಲ್ಲಿಡು, ತಾನೇ ಕರಗುತ್ತದೆ." ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದಿದ್ದ ಅಮ್ಮನ ಆ ಮಾತಿನಲ್ಲಿ ರಸಾಯನಶಾಸ್ತ್ರದ ಒಂದು ದೊಡ್ಡ ಅಧ್ಯಾಯವೇ ಅಡಗಿತ್ತೆಂಬುದು ನನಗೆ ಅರಿವಾಗಲು ಬಹಳ ವರ್ಷಗಳು ಬೇಕಾದವು.

ಈ ವಿಚಾರ ಮತ್ತೆ ನೆನಪಿಗೆ ಬಂದದ್ದು ಹಳೆಯ ವಿದ್ಯಾರ್ಥಿಯೊಬ್ಬನಿಂದ. ಬಣ್ಣ ಮತ್ತು ಅಂಟುಗಳಿಗೆ ಬೇಕಾದ ಪದಾರ್ಥಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಆತ ಈಗ ಹಿರಿಯ ಅಧಿಕಾರಿ. ಊರಿಗೆ ಬಂದವನು ನನ್ನನ್ನು ಕಾಣಲು ಬಂದು, ಕಾಫಿ ಕುಡಿಯುತ್ತ ಒಂದು ಪ್ರಸಂಗವನ್ನು ಹೇಳಿದ. ಜನವರಿಯ ಚಳಿಯಲ್ಲಿ ಉತ್ತರದಿಂದ ಲಾರಿಯಲ್ಲಿ ಬಂದ ಅಕ್ರಿಲಿಕ್ ಆಮ್ಲದ ಪೀಪಾಯಿಗಳು ದಾರಿಯಲ್ಲೇ ಹೆಪ್ಪುಗಟ್ಟಿದ್ದವಂತೆ. ಉಗ್ರಾಣದವರು ಬೇಗ ಕರಗಲೆಂದು ಅವುಗಳಿಗೆ ಹಬೆಯ ಕೊಳವೆಯನ್ನು ಹಿಡಿಯಲು ಸಿದ್ಧರಾಗಿದ್ದಾಗ ಇವನು ಓಡಿಹೋಗಿ ತಡೆದನಂತೆ. ಎಲ್ಲ ಹೇಳಿ ಮುಗಿಸಿ, "ಮೇಷ್ಟ್ರೇ, ಅವತ್ತು ನಮ್ಮ ಲ್ಯಾಬಿನಲ್ಲಿ ಒಡೆದ ಸೀಸೆ ನಿಮಗೆ ನೆನಪಿದೆಯೇ?" ಎಂದು ಕೇಳಿದ.

ನೆನಪಿಲ್ಲದೆ ಏನು? ಆ ಸೀಸೆಯ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ಹೆಪ್ಪುಗಟ್ಟಿದ ದ್ರವವನ್ನು ಸಾಗಿಸುವುದು ಮತ್ತು ಕರಗಿಸುವುದು ಹೇಗೆಂಬುದನ್ನು ಮನುಷ್ಯ ಎಷ್ಟು ಬೆಲೆ ತೆತ್ತು ಕಲಿತನೆಂಬ ಇತಿಹಾಸವನ್ನು ಕೇಳಿ.

1847ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಅಸ್ಕಾನಿಯೋ ಸೊಬ್ರೆರೋ ಎಂಬ ರಸಾಯನಶಾಸ್ತ್ರಜ್ಞ ಹೊಸದೊಂದು ಎಣ್ಣೆಯಂತಹ ದ್ರವವನ್ನು ಜಗತ್ತಿಗೆ ಪರಿಚಯಿಸಿದ. ಅದೇ ನೈಟ್ರೋಗ್ಲಿಸರಿನ್. ನಾಲಗೆಯ ತುದಿಗೆ ಸೋಕಿದರೂ ತೀವ್ರವಾದ ತಲೆನೋವು ಬರುತ್ತಿತ್ತು. ಸ್ವಲ್ಪ ಪೆಟ್ಟು ಬಿದ್ದರೆ ಸಿಡಿಯುತ್ತಿತ್ತು. ಸೊಬ್ರೆರೋ ಅದಕ್ಕೆ ಹೆದರಿ ದೂರ ಸರಿದ. ಸ್ವೀಡನ್ನಿನ ಆಲ್‌ಫ್ರೆಡ್ ನೊಬೆಲ್ ಹೆದರಲಿಲ್ಲ. ಕಪ್ಪು ಮದ್ದಿಗಿಂತ ಎಷ್ಟೋ ಪಟ್ಟು ಬಲಶಾಲಿಯಾದ ಈ ದ್ರವವನ್ನು ಬಂಡೆ ಸಿಡಿಸಲು, ಸುರಂಗ ಕೊರೆಯಲು ಬಳಸಬಹುದೆಂದು ಅವನು ನಂಬಿದ. ಆ ನಂಬಿಕೆಗೆ ಮೊದಲ ಬಲಿ ಅವನ ಮನೆಯಿಂದಲೇ ಸಂದಿತು. 1864ರ ಸೆಪ್ಟೆಂಬರ್ 3ರಂದು ಸ್ಟಾಕ್‌ಹೋಮಿನ ಹೆಲೆನೆಬೋರ್ಗ್‌ನಲ್ಲಿದ್ದ ಅವರ ಕಾರ್ಯಾಗಾರ ಸ್ಫೋಟಗೊಂಡು ತಮ್ಮ ಎಮಿಲ್ ಸೇರಿ ಐವರು ಸತ್ತರು. ನಗರದೊಳಗೆ ತಯಾರಿಕೆಗೆ ಅನುಮತಿ ಸಿಗದೆ ನೊಬೆಲ್ ಮೇಲಾರೆನ್ ಸರೋವರದಲ್ಲಿ ಲಂಗರು ಹಾಕಿದ ದೋಣಿಯೊಂದರ ಮೇಲೆ ಕೆಲಸವನ್ನು ಮುಂದುವರಿಸಿದ.

ತಯಾರಿಸುವುದು ಒಂದು ಕಷ್ಟವಾದರೆ ಸಾಗಿಸುವುದು ಇನ್ನೊಂದು ಕಷ್ಟ. ತಗಡಿನ ಡಬ್ಬಿಗಳಲ್ಲಿ ತುಂಬಿದ ಎಣ್ಣೆ ಹಡಗು, ರೈಲು, ಕುದುರೆಗಾಡಿಗಳಲ್ಲಿ ಲೋಕವನ್ನು ಸುತ್ತತೊಡಗಿತು. ಒಳಗೇನಿದೆಯೆಂದು ಹೊತ್ತವರಿಗೆ ಅನೇಕ ವೇಳೆ ತಿಳಿದಿರಲೇ ಇಲ್ಲ. 1866ರ ಏಪ್ರಿಲ್ 3ರಂದು ಪನಾಮಾದ ಆಸ್ಪಿನ್‌ವಾಲ್ ಬಂದರಿನಲ್ಲಿ 'ಯುರೋಪಿಯನ್' ಎಂಬ ಹಡಗು ಸಿಡಿಯಿತು. ಅದೇ ತಿಂಗಳ 16ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಾಗಣೆ ಕಚೇರಿಯೊಂದರಲ್ಲಿ ಸೋರುತ್ತಿದ್ದ ಪೆಟ್ಟಿಗೆಯನ್ನು ತೆರೆಯಲು ಹೋದಾಗ ಸ್ಫೋಟವಾಗಿ ಹದಿನೈದು ಜನ ಮಡಿದರು.

ಇಲ್ಲಿ ಚಳಿಯ ಪಾತ್ರವೇನು ಎಂದು ನೀವು ಕೇಳಬಹುದು. ನೈಟ್ರೋಗ್ಲಿಸರಿನ್ ಹೆಪ್ಪುಗಟ್ಟುವುದು ಸುಮಾರು 13 ಡಿಗ್ರಿಯಲ್ಲಿ. ಯುರೋಪಿನ ಶರತ್ಕಾಲದ ಸಾಧಾರಣ ರಾತ್ರಿಗೂ ಅದು ಗಟ್ಟಿಯಾಗಬಲ್ಲದು. ಅಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ಈ ದ್ರವದ ಸ್ವಭಾವ ಬಹಳ ಚಂಚಲ. ಕೆಲವೊಮ್ಮೆ 13 ಡಿಗ್ರಿಗಿಂತ ಎಷ್ಟೋ ಕೆಳಗಿಳಿದರೂ ದ್ರವವಾಗಿಯೇ ಉಳಿದುಬಿಡುತ್ತದೆ. ಬೀಜದಂತೆ ಒಂದು ಹರಳು ಬಿದ್ದರೆ ಸಾಕು, ಹೆಪ್ಪುಗಟ್ಟತೊಡಗುತ್ತದೆ. ಇದಕ್ಕೆ ಎರಡು ಬಗೆಯ ಹರಳುಗಳೂ ಉಂಟು: ಸ್ಥಿರವಾದ ಬಗೆ ಸುಮಾರು 13 ಡಿಗ್ರಿಯಲ್ಲಿ ಕರಗಿದರೆ, ಅಸ್ಥಿರವಾದದ್ದು 2–3 ಡಿಗ್ರಿಯಲ್ಲೇ ಕರಗುತ್ತದೆ. ಆದ್ದರಿಂದ ಒಂದೇ ಉಗ್ರಾಣದಲ್ಲಿ ಅಕ್ಕಪಕ್ಕದಲ್ಲಿದ್ದ ಎರಡು ಡಬ್ಬಿಗಳಲ್ಲಿ ಒಂದು ಎಣ್ಣೆಯಾಗಿಯೂ ಇನ್ನೊಂದು ಕಲ್ಲಾಗಿಯೂ ಇರುವುದು ಸಾಧ್ಯವಿತ್ತು.

ಹೀಗೆಯೇ ಆದದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ. 1867ರ ಡಿಸೆಂಬರ್ ತಿಂಗಳು. ಪೇಟೆಯ ನಡುವೆ ವೈಟ್ ಸ್ವಾನ್ ಎಂಬ ಛತ್ರದ ಅಂಗಳದ ನೆಲಮಾಳಿಗೆಯಲ್ಲಿ ನೈಟ್ರೋಗ್ಲಿಸರಿನ್ ಡಬ್ಬಿಗಳಿರುವುದು ಅಧಿಕಾರಿಗಳ ಗಮನಕ್ಕೆ ಬಂತು. 17ನೆಯ ತಾರೀಖು ಅವುಗಳನ್ನು ಗಾಡಿಯಲ್ಲಿ ಹೇರಿ ಊರಾಚೆಯ ಬಯಲಿಗೆ ಒಯ್ದು ದ್ರವವನ್ನು ನೆಲಕ್ಕೆ ಸುರಿದರು. ಆದರೆ ಕೆಲವು ಡಬ್ಬಿಗಳ ತಳದಲ್ಲಿ ಹರಳುಗಟ್ಟಿದ ಭಾಗ ಅಂಟಿಕೊಂಡು ಉಳಿದಿತ್ತು. ಸುರಿಯಲು ಬಾರದ ಅದನ್ನು ಹೂಳಲು ಹೋದಾಗ ಸ್ಫೋಟವಾಯಿತು. ನಗರದ ಶೆರೀಫ್ ಜಾನ್ ಮಾಸನ್, ನಗರದ ಸರ್ವೇಯರ್ ಬ್ರೈಸನ್ ಮತ್ತು ಜೊತೆಯಲ್ಲಿದ್ದ ಹಲವರು ಪ್ರಾಣ ಕಳೆದುಕೊಂಡರು. ಮಾಸನ್ ವೃತ್ತಿಯಿಂದ ರಾಸಾಯನಿಕಗಳ ವ್ಯಾಪಾರಿ. ಮುಂದೆ ವಿದ್ಯುದ್ದೀಪದಿಂದ ಹೆಸರಾದ ಜೋಸೆಫ್ ಸ್ವಾನ್‌ನ ಭಾವ ಹಾಗೂ ಪಾಲುದಾರ. ಅಂದರೆ ಏನೂ ತಿಳಿಯದವನಲ್ಲ. ಆ ಕಾಲದಲ್ಲಿ ತಿಳಿದಿರಬಹುದಾದಷ್ಟನ್ನು ತಿಳಿದವನೇ ಸತ್ತನೆಂಬುದನ್ನು ನೀವು ಗಮನಿಸಬೇಕು. 1869ರಲ್ಲಿ ಬ್ರಿಟನ್ ಪ್ರತ್ಯೇಕ ಕಾನೂನನ್ನೇ ಮಾಡಿ ನೈಟ್ರೋಗ್ಲಿಸರಿನ್ನಿನ ಆಮದು, ಸಾಗಣೆ, ಮಾರಾಟಗಳನ್ನು ನಿರ್ಬಂಧಿಸಿತು.

ಹೆಪ್ಪುಗಟ್ಟಿದ ನೈಟ್ರೋಗ್ಲಿಸರಿನ್ ದ್ರವಕ್ಕಿಂತಲೂ ಅಪಾಯಕಾರಿ ಎಂಬುದು ಆಗಿನ ಸಾಮಾನ್ಯ ನಂಬಿಕೆಯಾಗಿತ್ತು. ಅದನ್ನು ಅಲುಗಾಡಿಸಿದ್ದು ಅದೇ ಚಳಿಗಾಲದಲ್ಲಿ ಅಮೆರಿಕದಲ್ಲಿ ನಡೆದ ಒಂದು ಆಕಸ್ಮಿಕ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹೂಸಾಕ್ ಎಂಬ ಬೆಟ್ಟದ ಕೆಳಗೆ ಸುಮಾರು ಏಳೂವರೆ ಕಿಲೋಮೀಟರ್ ಉದ್ದದ ರೈಲು ಸುರಂಗವನ್ನು ಕೊರೆಯುತ್ತಿದ್ದರು. ಅಲ್ಲಿಗೆ ಬೇಕಾದ ನೈಟ್ರೋಗ್ಲಿಸರಿನ್ನನ್ನು ಜಾರ್ಜ್ ಮೌಬ್ರೇ ಎಂಬಾತ ಸ್ಥಳದಲ್ಲೇ ತಯಾರಿಸುತ್ತಿದ್ದ. ಡೀರ್‌ಫೀಲ್ಡ್ ನದಿಯ ಅಣೆಕಟ್ಟಿಗೆ ಮಂಜುಗಡ್ಡೆ ಕಟ್ಟಿಕೊಂಡಾಗ ಅದನ್ನು ಸಿಡಿಸಲೆಂದು ಎಂಜಿನಿಯರೊಬ್ಬ ನೈಟ್ರೋಗ್ಲಿಸರಿನ್ ತೋಟಾಗಳನ್ನು ಬೆಚ್ಚಗೆ ಹೊದಿಸಿ ಹಿಮಗಾಡಿಯಲ್ಲಿ ಹೊರಟ. ದಾರಿಯಲ್ಲಿ ಗಾಡಿ ಮಗುಚಿತು. ಅವನೂ ತೋಟಾಗಳೂ ಹಿಮದಲ್ಲಿ ಉರುಳಿದರೂ ಏನೂ ಆಗಲಿಲ್ಲ. ನೋಡಿದರೆ ತೋಟಾಗಳು ಹೆಪ್ಪುಗಟ್ಟಿದ್ದವು. ಬೇಕೆಂದೇ ಸಿಡಿಸಲು ಕೇಪು ಇಟ್ಟರೂ ಗಡ್ಡೆ ಪುಡಿಯಾಗಿ ಚದುರಿತೇ ಹೊರತು ಸಿಡಿಯಲಿಲ್ಲ! ಅಂದಿನಿಂದ ಮೌಬ್ರೇ ತನ್ನ ಸರಕನ್ನು ಹೆಪ್ಪುಗಟ್ಟಿಸಿಯೇ ಸಾಗಿಸತೊಡಗಿದ. ಈ ಅನುಭವವನ್ನು 1872ರ ತನ್ನ ಪುಸ್ತಕದಲ್ಲಿ ಬರೆದಿಟ್ಟ.

ಹಾಗಾದರೆ ನ್ಯೂಕ್ಯಾಸಲ್ಲಿನವರು ಏಕೆ ಸತ್ತರು? ಉತ್ತರ ಈ ಎರಡು ಸ್ಥಿತಿಗಳ ನಡುವೆ ಇದೆ. ಪೂರ್ತಿ ಗಟ್ಟಿಯಾದ ನೈಟ್ರೋಗ್ಲಿಸರಿನ್ ಪೆಟ್ಟಿಗೆ ಸುಲಭವಾಗಿ ಸಿಡಿಯುವುದಿಲ್ಲ. ಅರ್ಧ ಗಟ್ಟಿ, ಅರ್ಧ ದ್ರವವಾದದ್ದು ಬೇರೆಯೇ ವಸ್ತು. ಹರಳುಗಳು ಒಂದಕ್ಕೊಂದು ಉಜ್ಜಿದಾಗ, ಅವುಗಳ ಸಂದಿಯಲ್ಲಿ ಸಿಕ್ಕಿಕೊಂಡ ದ್ರವದ ತೆಳುಪೊರೆಗೆ ತಿಕ್ಕಾಟದ ಬಿಸಿ ತಗಲುತ್ತದೆ. ಹೆಪ್ಪುಗಟ್ಟುವುದಕ್ಕಿಂತ ಕರಗುವ ಗಳಿಗೆಯೇ ಹೆಚ್ಚು ಅಪಾಯದ್ದು. ಈ ಒಂದು ವಾಕ್ಯವನ್ನು ಕಲಿಯಲು ಜಗತ್ತಿಗೆ ಇನ್ನೂ ಅರ್ಧ ಶತಮಾನ ಹಿಡಿಯಿತು.

ಸಾಗಣೆಯ ಸಮಸ್ಯೆಗೆ ಹಲವು ಪರಿಹಾರಗಳನ್ನು ಹುಡುಕಿದರು. ಮರದಿಂದ ಭಟ್ಟಿ ಇಳಿಸಿದ ಮೆಥನಾಲ್ ಎಂಬ ಮದ್ಯಸಾರದಲ್ಲಿ ಎಣ್ಣೆಯನ್ನು ಕರಗಿಸಿ ಕಳುಹಿಸಿದರೆ ಅದು ಸಿಡಿಯುವುದಿಲ್ಲವೆಂದು ನೊಬೆಲ್ ಕಂಡುಕೊಂಡ. ಊರು ತಲುಪಿದ ಮೇಲೆ ನೀರು ಬೆರೆಸಿದರೆ ಎಣ್ಣೆ ಮತ್ತೆ ತಳಕ್ಕಿಳಿಯುತ್ತಿತ್ತು. ಆದರೆ ಮೆಥನಾಲ್ ಬೇಗ ಆವಿಯಾಗುವ ದ್ರವ. ಮುಚ್ಚಳ ಸಡಿಲವಾದರೆ ರಕ್ಷಕನೇ ಹಾರಿಹೋಗಿ, ಉಳಿದದ್ದು ಶುದ್ಧ ಅಪಾಯ. ಅಮೆರಿಕದ ಸಿಯೆರಾ ನೆವಾಡಾ ಪರ್ವತಗಳಲ್ಲಿ ರೈಲುದಾರಿ ಮಾಡುತ್ತಿದ್ದವರು ಇನ್ನೊಂದು ದಾರಿ ಹಿಡಿದರು: ಸಾಗಿಸುವುದೇ ಬೇಡ, ಬೇಕಾದಷ್ಟನ್ನು ಬೇಕಾದ ದಿನ ಸುರಂಗದ ಬಾಯಲ್ಲೇ ತಯಾರಿಸೋಣ ಎಂದು. 1867ರಲ್ಲಿ ಜೇಮ್ಸ್ ಹೌಡನ್ ಎಂಬ ರಸಾಯನಜ್ಞ ಅಲ್ಲಿ ಹಾಗೆಯೇ ಮಾಡಿದ. ಅಪಾಯಕಾರಿ ವಸ್ತುವನ್ನು ಕೂಡಿಡದೆ ಅಗತ್ಯವಿದ್ದಷ್ಟನ್ನೇ ಸಿದ್ಧಪಡಿಸುವ ಈ ವಿವೇಕವನ್ನು ಮರೆತರೆ ಏನಾಗುತ್ತದೆಂಬುದನ್ನು ಮುಂದೆ ಹೇಳುತ್ತೇನೆ.

ಮೂರನೆಯ ಪರಿಹಾರ ಎಲ್ಲರಿಗೂ ಗೊತ್ತಿರುವ ಡೈನಮೈಟ್. ಕೀಸೆಲ್‌ಗೂರ್ ಎಂಬ ಹಗುರವಾದ, ರಂಧ್ರಮಯವಾದ ಮಣ್ಣಿಗೆ ನೈಟ್ರೋಗ್ಲಿಸರಿನ್ನನ್ನು ಹೀರಿಸಿ ನೊಬೆಲ್ 1867ರಲ್ಲಿ ಪೇಟೆಂಟ್ ಪಡೆದ. ಈಗ ಚೆಲ್ಲುವ ಭಯವಿಲ್ಲ, ಕೈಯಲ್ಲಿ ಹಿಡಿಯಬಹುದು. ಆದರೆ ಮಣ್ಣು ಎಣ್ಣೆಯನ್ನು ಹಿಡಿದಿಟ್ಟುಕೊಂಡಿತೇ ಹೊರತು ಅದರ ಗುಣವನ್ನು ಬದಲಿಸಲಿಲ್ಲ. ಚಳಿಯಲ್ಲಿ ಡೈನಮೈಟ್ ಕಡ್ಡಿಗಳೂ ಕಲ್ಲಾದವು. ಹೆಪ್ಪುಗಟ್ಟಿದ ಕಡ್ಡಿ ಕೇಪಿಗೆ ಸರಿಯಾಗಿ ಸಿಡಿಯದೆ ಬಂಡೆಯೊಳಗೇ ಉಳಿದುಬಿಡುತ್ತಿತ್ತು. ಮರುದಿನ ಅದೇ ಬಂಡೆಗೆ ಗುದ್ದಲಿ ಹಾಕಿದ ಕೂಲಿಯವನು ಸಾಯುತ್ತಿದ್ದ. ಹೆಪ್ಪುಗಟ್ಟಿ ಕರಗಿ, ಮತ್ತೆ ಹೆಪ್ಪುಗಟ್ಟಿ ಕರಗಿದ ಕಡ್ಡಿಯ ಹೊರಗೆ ಎಣ್ಣೆ ಬೆವರಿನಂತೆ ಒಸರುತ್ತಿತ್ತು.

ಆದ್ದರಿಂದ ಕರಗಿಸದೆ ವಿಧಿಯಿರಲಿಲ್ಲ. ಕೆಲಸಗಾರರು ಏನೇನು ಮಾಡಿದರು! ಕೆಲವರು ಕಡ್ಡಿಗಳನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಕೆಲವರು ಒಲೆಯ ಪಕ್ಕ ಸಾಲಾಗಿ ಜೋಡಿಸಿದರು, ಕೆಲವರು ರೊಟ್ಟಿ ಸುಡುವ ಗೂಡಿನೊಳಗಿಟ್ಟರು. ಬಿಸಿನೀರಿನಲ್ಲಿ ಅದ್ದಿದವರೂ ಇದ್ದರು. ಆಗ ಎಣ್ಣೆ ಕಡ್ಡಿಯಿಂದ ಬೇರ್ಪಟ್ಟು ಪಾತ್ರೆಯ ತಳಕ್ಕೆ ಇಳಿಯುತ್ತಿತ್ತು, ಆ ಪಾತ್ರೆಯನ್ನೇ ಮರಳಿ ಬೆಂಕಿಯ ಮೇಲಿಟ್ಟರೆ ಮುಗಿಯಿತು. ಕೊನೆಗೆ ತಯಾರಕರು ಎರಡು ಗೋಡೆಗಳ ವಿಶೇಷ ಪಾತ್ರೆಯನ್ನೇ ಮಾಡಿಸಿಕೊಟ್ಟರು. ಗೋಡೆಗಳ ನಡುವೆ ಬೆಚ್ಚನೆಯ ನೀರು, ಒಳಗೆ ಒಣಗಿದ ಜಾಗದಲ್ಲಿ ಕಡ್ಡಿಗಳು. ನೀರನ್ನು ಬೇರೆಡೆ ಕಾಯಿಸಿ ತಂದು ಸುರಿಯಬೇಕು. ಪಾತ್ರೆಯನ್ನು ಮಾತ್ರ ಎಂದೂ ಬೆಂಕಿಗೆ ತೋರಿಸಕೂಡದು. ನೀರು ಕೈಗೆ ತಾಳುವಷ್ಟೇ ಬಿಸಿಯಿರಬೇಕು, ಅವಸರ ಕೂಡದು. ನಮ್ಮಮ್ಮನ ಎಣ್ಣೆಸೀಸೆಯ ನಿಯಮವೂ ಇದೇ ಅಲ್ಲವೇ?

ಇದೆಲ್ಲ ಪರದೇಶದ ಕಥೆ, ನಮ್ಮ ಬೆಚ್ಚನೆಯ ನಾಡಿಗೆ ಏನು ಸಂಬಂಧ ಎನ್ನಬೇಡಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರ 7.8 ಡಿಗ್ರಿ. ಅಂದರೆ ನೈಟ್ರೋಗ್ಲಿಸರಿನ್ ಹೆಪ್ಪುಗಟ್ಟುವ ಅಂಕಿಗಿಂತ ಐದು ಡಿಗ್ರಿ ಕೆಳಗೆ. ಆ ಹೊತ್ತಿಗೆ ಕೋಲಾರದ ಚಿನ್ನದ ಗಣಿಗಳಲ್ಲಿ ಜಾನ್ ಟೇಲರ್ ಕಂಪನಿಯ ಕೆಲಸ ಆರಂಭವಾಗಿತ್ತು; ಮುಂದೆ ಆ ಗಣಿಗಳ ಆಳದಲ್ಲಿ ಬಂಡೆಯನ್ನು ಒಡೆದದ್ದು ಡೈನಮೈಟೇ. ಸ್ಫೋಟಕಗಳ ತಯಾರಿಕೆ, ಸಂಗ್ರಹ, ಸಾಗಣೆಗಳನ್ನು ನಿಯಂತ್ರಿಸುವ ಭಾರತದ ಕಾನೂನು ಬಂದದ್ದೂ ಅದೇ 1884ರಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ರಸಾಯನಜ್ಞರು ಪ್ರಶ್ನೆಯನ್ನೇ ಬದಲಿಸಿದರು. ಕರಗಿಸುವುದು ಹೇಗೆ ಎಂಬುದರ ಬದಲು ಹೆಪ್ಪುಗಟ್ಟದಂತೆ ಮಾಡುವುದು ಹೇಗೆ ಎಂದು ಕೇಳಿದರು. ನೈಟ್ರೋಗ್ಲೈಕಾಲ್ ಎಂಬ ಸೋದರ ವಸ್ತು ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು 22 ಡಿಗ್ರಿ ಕೆಳಗೆ. ಅದನ್ನು ಬೆರೆಸಿದರೆ ಚಳಿಗಾಲದಲ್ಲೂ ಡೈನಮೈಟ್ ಮೆತ್ತಗಿರುತ್ತಿತ್ತು. 1920ರ ದಶಕದಿಂದ ಈ ಮಿಶ್ರಣ ವ್ಯಾಪಕವಾಯಿತು. ಕರಗಿಸುವ ಪಾತ್ರೆಗಳು ಮೂಲೆ ಸೇರಿದವು.

ಆದರೆ ಪ್ರಕೃತಿ ಯಾವ ವರವನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ನೈಟ್ರೋಗ್ಲೈಕಾಲ್ ಹೆಚ್ಚು ಆವಿಯಾಗುವ ವಸ್ತು. ಉಸಿರಿನಿಂದಲೂ ಚರ್ಮದಿಂದಲೂ ಒಳಸೇರಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ವಾರವಿಡೀ ಕೆಲಸ ಮಾಡುವ ಕಾರ್ಮಿಕರ ಶರೀರ ಅದಕ್ಕೆ ಒಗ್ಗಿಕೊಳ್ಳುತ್ತಿತ್ತು. ಭಾನುವಾರದ ಬಿಡುವಿನಲ್ಲಿ ಆ ಒಗ್ಗುವಿಕೆ ಕಳೆದುಹೋಗುತ್ತಿತ್ತು. ಸೋಮವಾರ ಮರಳಿದಾಗ ಭಯಂಕರ ತಲೆನೋವು. ಬಿಡುವಿನ ಕೊನೆಯಲ್ಲಿ, ಸೋಮವಾರದ ಮುಂಜಾನೆ ಆರೋಗ್ಯವಂತ ತರುಣರು ಹಠಾತ್ತನೆ ಕುಸಿದು ಸಾಯುತ್ತಿರುವುದನ್ನು 1950ರ ದಶಕದಲ್ಲಿ ವೈದ್ಯರು ಗುರುತಿಸಿದರು. ಇದೇ ಕುಲದ ನೈಟ್ರೋಗ್ಲಿಸರಿನ್ನನ್ನೇ ಹೃದ್ರೋಗಕ್ಕೆ ಔಷಧವಾಗಿ ಕೊಡುತ್ತಾರೆ. ತನ್ನ ಕೊನೆಯ ದಿನಗಳಲ್ಲಿ ಸ್ವತಃ ನೊಬೆಲ್‌ಗೆ ವೈದ್ಯರು ಅದನ್ನು ಸೂಚಿಸಿದಾಗ, ವಿಧಿಯ ವ್ಯಂಗ್ಯವೆಂದು ಆತ ಗೆಳೆಯನಿಗೆ ಬರೆದನಂತೆ.

ಈಗ ನನ್ನ ವಿದ್ಯಾರ್ಥಿಯ ಪೀಪಾಯಿಗೆ ಬರೋಣ. ಅಕ್ರಿಲಿಕ್ ಆಮ್ಲ ಸಿಡಿಮದ್ದಲ್ಲ. ಬಣ್ಣ, ಅಂಟು, ಮಕ್ಕಳ ಡಯಾಪರ್‌ಗಳಿಗೆ ಬೇಕಾದ ಮಧ್ಯಂತರ ರಾಸಾಯನಿಕ. ವಿಚಿತ್ರವೆಂದರೆ ಅದೂ ಹೆಪ್ಪುಗಟ್ಟುವುದು ಸುಮಾರು 13 ಡಿಗ್ರಿಯಲ್ಲೇ. ಅದರ ಅಣುಗಳಿಗೆ ಒಂದಕ್ಕೊಂದು ಕೈಹಿಡಿದು ಸರಪಳಿಯಾಗುವ ಆತುರ. ಸರಪಳಿ ಬೆಳೆದಂತೆ ಶಾಖ ಹುಟ್ಟುತ್ತದೆ, ಶಾಖದಿಂದ ಸರಪಳಿ ಇನ್ನೂ ವೇಗವಾಗಿ ಬೆಳೆಯುತ್ತದೆ. ಅದನ್ನು ತಡೆಯಲು ಒಂದಿಷ್ಟು ಪ್ರತಿಬಂಧಕವನ್ನು ಬೆರೆಸಿರುತ್ತಾರೆ. ಆ ಪ್ರತಿಬಂಧಕ ಕೆಲಸ ಮಾಡಲು ದ್ರವದಲ್ಲಿ ಕರಗಿದ ಆಮ್ಲಜನಕವೂ ಬೇಕು. ದ್ರವ ಹೆಪ್ಪುಗಟ್ಟುವಾಗ ಹರಳುಗಳು ಶುದ್ಧವಾಗಿ ಬೆಳೆದು ಪ್ರತಿಬಂಧಕವನ್ನು ಹೊರತಳ್ಳುತ್ತವೆ. ಮುಂದೆ ಕರಗುವಾಗ ಒಂದು ಭಾಗದಲ್ಲಿ ಪ್ರತಿಬಂಧಕ ವಿಪರೀತ, ಇನ್ನೊಂದು ಭಾಗದಲ್ಲಿ ಇಲ್ಲವೇ ಇಲ್ಲ. ಕಾವಲುಗಾರನಿಲ್ಲದ ಆ ಭಾಗಕ್ಕೆ ಹಬೆ ಹಿಡಿದರೆ ಪೀಪಾಯಿ ಒಡೆಯುವುದು ಖಚಿತವೆಂದೇ ತಿಳಿಯಬೇಕು. ಆದ್ದರಿಂದ ಅದನ್ನು 15ರಿಂದ 25 ಡಿಗ್ರಿಯ ನಡುವೆ ಇಡಬೇಕು. ಅಕಸ್ಮಾತ್ ಹೆಪ್ಪುಗಟ್ಟಿದರೆ ಬೆಚ್ಚನೆಯ ಕೋಣೆಯಲ್ಲಿ ನಿಧಾನವಾಗಿ, ಕಲಸುತ್ತ ಕರಗಿಸಬೇಕು. ಪೂರ್ತಿ ಕರಗಿ ಬೆರೆಯುವವರೆಗೆ ಅದರಿಂದ ಒಂದು ಲೋಟವನ್ನೂ ತೆಗೆಯಬಾರದು. ಈ ಆಮ್ಲ ಮಿತಿಮೀರಿ ಬಿಸಿಯಾದರೆ ಏನಾಗುತ್ತದೆಂಬುದನ್ನು 2012ರ ಸೆಪ್ಟೆಂಬರಿನಲ್ಲಿ ಜಪಾನಿನ ಹಿಮೆಜಿಯಲ್ಲಿ ಸಿಡಿದ ತೊಟ್ಟಿ ತೋರಿಸಿತು. ಅಲ್ಲಿ ಅಗ್ನಿಶಾಮಕ ದಳದ ಒಬ್ಬರು ಪ್ರಾಣ ತೆತ್ತರು.

ಎಲ್ಲ ವಸ್ತುಗಳಿಗೂ ಚಳಿ ಶತ್ರುವೆಂದು ತಿಳಿಯಬೇಡಿ. ಭೋಪಾಲದ ಮಿಥೈಲ್ ಐಸೊಸೈನೇಟ್ ಕೂಡ ಕೀಟನಾಶಕದ ಮಧ್ಯಂತರ ರಾಸಾಯನಿಕವೇ. 39 ಡಿಗ್ರಿಗೆಲ್ಲ ಕುದಿಯುವ ದ್ರವ. ಅದಕ್ಕೆ ಚಳಿಯೇ ರಕ್ಷೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕಾಗಿದ್ದ ಅದನ್ನು ತಂಪಾಗಿಡುವ ಯಂತ್ರವನ್ನು 1984ರ ಜೂನ್‌ನಲ್ಲೇ ನಿಲ್ಲಿಸಿದ್ದರು. ಡಿಸೆಂಬರ್ 2ರ ರಾತ್ರಿ ಸುಮಾರು 40 ಟನ್ ತುಂಬಿದ್ದ ತೊಟ್ಟಿಗೆ ನೀರು ಸೇರಿತು. ಅಷ್ಟೊಂದನ್ನು ಕೂಡಿಟ್ಟದ್ದೇ ಮೊದಲ ತಪ್ಪು. ಒಳಗೆ ಚಳಿಯಿಲ್ಲದೆ ವಿಷ ಕುದಿಯಿತು. ಹೊರಗಿನ ಚಳಿಗಾಲದ ತಣ್ಣನೆಯ ಗಾಳಿ ಆ ವಿಷವನ್ನು ಮೇಲೇರಗೊಡದೆ ಮಲಗಿದ್ದವರ ಗುಡಿಸಲುಗಳ ಮಟ್ಟದಲ್ಲೇ ಹಿಡಿದಿಟ್ಟಿತು.

ಇನ್ನು ನಮ್ಮ ಸೀಸೆ. 1981ರ ಜನವರಿ, ಮಲೆನಾಡಿನ ಮುಂಜಾನೆ. ಮೊದಲ ಪೀರಿಯಡ್ಡಿಗೇ ಪ್ರಯೋಗವಿತ್ತು. ಗಾಢ ಅಸಿಟಿಕ್ ಆಮ್ಲದ ಸೀಸೆಯನ್ನು ನೋಡಿದರೆ ಕಲ್ಲುಸಕ್ಕರೆಯಂತೆ ಗಟ್ಟಿ. ಅದು ಹೆಪ್ಪುಗಟ್ಟುವುದು 16.6 ಡಿಗ್ರಿಯಲ್ಲಿ. ನಾನು ನಮ್ಮ ಅಟೆಂಡರರಿಗೆ, "ಬಿಸಿನೀರಿನಲ್ಲಿಟ್ಟು ಬೇಗ ಕರಗಿಸಿ ತನ್ನಿ" ಎಂದೆ. ಅವರು, "ಸ್ವಲ್ಪ ಹೊತ್ತು ಬಿಸಿಲಿಗಿಡೋಣವೇ ಸಾರ್?" ಎಂದು ಕೇಳಿದರು. ನಾನು ಗಡಿಯಾರ ತೋರಿಸಿದೆ. ಕುದಿಯುವ ನೀರಿನಲ್ಲಿಟ್ಟ ಸೀಸೆಯ ತಳದಲ್ಲಿ ಆಮ್ಲ ಕರಗಿತು, ಮೇಲೆ ಗಡ್ಡೆ ಹಾಗೇ ಉಳಿಯಿತು. ನೀರಿನ ಸ್ವಭಾವಕ್ಕೆ ವಿರುದ್ಧವಾಗಿ ಈ ಆಮ್ಲ ಕರಗುವಾಗ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದೆ ಸೀಸೆ ಅವರ ಕೈಯಲ್ಲೇ ಬಿರಿಯಿತು. ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ಹಿಡಿಸಿದೆವು. ಆದರೂ ಅಂಗೈಯ ಚರ್ಮ ಬೊಬ್ಬೆಯೆದ್ದು ಸುಲಿದು, ಅವರು ಹದಿನೈದು ದಿನ ಎಡಗೈಯಲ್ಲೇ ಗಂಟೆ ಬಾರಿಸಿದರು.

ನಷ್ಟದ ರಿಜಿಸ್ಟರಿನಲ್ಲಿ ನಾನು ಬರೆದದ್ದು: "ಅಟೆಂಡರರ ಕೈತಪ್ಪಿನಿಂದ ಒಡೆದದ್ದು." ಹಾಗೆ ಬರೆಯುವುದು ರೂಢಿಯಾಗಿತ್ತು. ಅವರು ಸಹಿ ಹಾಕಿದರು, ಏನೂ ಅನ್ನಲಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಅವತ್ತು ಅಲ್ಲಿದ್ದ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಇದನ್ನು ಓದುತ್ತೀರೆಂದು ನಂಬಿ ಆ ದಾಖಲೆಯನ್ನು ಇಲ್ಲಿ ತಿದ್ದುತ್ತಿದ್ದೇನೆ: ಸೀಸೆ ಒಡೆದದ್ದು ಅಧ್ಯಾಪಕನ ಅವಸರದಿಂದ. ಬಿಸಿಲಿಗಿಡೋಣವೆಂದ ಅಟೆಂಡರರ ಮಾತೇ ಸರಿಯಾಗಿತ್ತು.

ನಿಮ್ಮಲ್ಲಿ ಅನೇಕರು ಇಂದು ಕಾರ್ಖಾನೆಗಳಲ್ಲಿ, ಉಗ್ರಾಣಗಳಲ್ಲಿ ಮೇಲಿನ ಹುದ್ದೆಗಳಲ್ಲಿದ್ದೀರಿ. ಚಳಿಗಾಲದ ಮುಂಜಾನೆ ಕೆಳಗಿನ ನೌಕರನೊಬ್ಬ ಬಂದು, "ಸ್ವಲ್ಪ ಕಾಯೋಣವೇ ಸಾರ್?" ಎಂದರೆ ದಯವಿಟ್ಟು ಗಡಿಯಾರ ತೋರಿಸಬೇಡಿ.

— ನಿಮ್ಮ ಮೇಷ್ಟ್ರು